ಹಿಂದಿನ ಮುಚ್ಚಳ

ನನ್ನ ಪಾಠ ಅವಲೋಕನದ ಹಾಳೆಯಲ್ಲಿ ‘ಬೋಧನೋಪಕರಣಗಳ ಬಳಕೆ’ ಎಂಬ ಸಾಲಿನ ಮುಂದೆ ಮಾರ್ಗದರ್ಶಕ ಶಿಕ್ಷಕರು ‘ಉತ್ತಮ’ ಎಂದು ಬರೆದಿದ್ದಾರೆ. ಇಂಟರ್ನ್‌ಶಿಪ್ಪಿನಲ್ಲಿ ನಾನು ಕೊಟ್ಟ ಪಾಠಗಳ ಪೈಕಿ ಆ ಸಾಲಿಗೆ ‘ಉತ್ತಮ’ ಸಿಕ್ಕಿದ್ದು ಅದೊಂದಕ್ಕೇ. ಆ ದಿನ ನಾನು ತರಗತಿಗೆ ಒಯ್ದ ಉಪಕರಣ ನಮ್ಮ ಅಜ್ಜನ ಹಳೆಯ ಕ್ಯಾಮೆರಾ. ಅದನ್ನು ಒಯ್ದು ನಾನು ಏನು ಮಾಡಿದೆ, ಅದರಿಂದ ಏನು ಹೋಯಿತು ಎಂಬುದು ಆ ಹಾಳೆಯಲ್ಲಿ ಇಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಮನೆಯಲ್ಲಿದ್ದು ಆಮೇಲೆ ಬಿ.ಇಡಿ. ಸೇರಿದವಳು. ಇಂಟರ್ನ್‌ಶಿಪ್ಪಿಗೆ ಕುರ್ತಕೋಟಿಯ ಪ್ರೌಢಶಾಲೆ ಸಿಕ್ಕಾಗ ಗೆಳತಿಯರು ಗದಗಿನಿಂದ ದಿನವೂ ಬಸ್ಸಿನಲ್ಲಿ ಓಡಾಡಬೇಕಲ್ಲ ಎಂದು ಮುಖ ಸಣ್ಣದು ಮಾಡಿದರು. ನನಗೆ ಮಾತ್ರ ಸಂತೋಷವಾಯಿತು. ಕುರ್ತಕೋಟಿ ಎಂದರೆ ಸಾಹಿತ್ಯ ಓದಿದವರಿಗೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಹೆಸರು ನೆನಪಾಗಬಹುದು. ನನಗೆ ಅದು ಅವ್ವನ ತವರು. ಅಲ್ಲಿ ಅಜ್ಜ ಇದ್ದಾರೆ. ಅಜ್ಜ ಕೂಡ ವಿಜ್ಞಾನ ಶಿಕ್ಷಕರಾಗಿದ್ದವರು, ನಿವೃತ್ತರಾಗಿ ಬಹಳ ವರ್ಷಗಳಾದವು. ಅವರ ಮನೆಯಲ್ಲಿದ್ದು ಶಾಲೆಗೆ ನಡೆದು ಹೋಗಬಹುದು, ರಾತ್ರಿ ಅವರನ್ನು ಕೇಳಿ ಪಾಠ ಯೋಜನೆ ಬರೆಯಬಹುದು ಎಂಬುದು ನನ್ನ ಲೆಕ್ಕ.

ಪಾಠ 10ನೇ ತರಗತಿಯ ಮೊದಲನೆಯ ಅಧ್ಯಾಯದ್ದು, ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’. ನನಗೆ ಬಂದ ಉಪಘಟಕ ವಿಭಜನ ಕ್ರಿಯೆ. ಶಾಖದಿಂದ ಆಗುವ ವಿಭಜನೆ, ವಿದ್ಯುತ್ತಿನಿಂದ ಆಗುವ ವಿಭಜನೆ ಆದ ಮೇಲೆ ಬೆಳಕಿನಿಂದ ಆಗುವ ವಿಭಜನೆ ಬರುತ್ತದೆ. ಬಿಳಿಯ ಸಿಲ್ವರ್ ಕ್ಲೋರೈಡನ್ನು ಬಿಸಿಲಿಗೆ ಇಟ್ಟರೆ ಅದು ಸಿಲ್ವರ್ ಮತ್ತು ಕ್ಲೋರಿನ್ ಆಗಿ ಒಡೆದು ಬೂದು ಬಣ್ಣಕ್ಕೆ ತಿರುಗುತ್ತದೆ. ಸಿಲ್ವರ್ ಬ್ರೋಮೈಡ್ ಕೂಡ ಹಾಗೆಯೇ. ಈ ಕ್ರಿಯೆಗಳನ್ನು ಕಪ್ಪುಬಿಳುಪು ಛಾಯಾಗ್ರಹಣದಲ್ಲಿ ಬಳಸುತ್ತಾರೆ ಎಂದು ಪುಸ್ತಕದಲ್ಲಿ ಒಂದು ಸಾಲು ಇದೆ. ಆ ಸಾಲನ್ನು ಮಕ್ಕಳು ಹೇಗೆ ಅರ್ಥ ಮಾಡಿಕೊಳ್ಳಬೇಕು? ಅವರಿಗೆ ಗೊತ್ತಿರುವ ಕ್ಯಾಮೆರಾ ಎಂದರೆ ಮೊಬೈಲು. ಅದರಲ್ಲಿ ಫಿಲ್ಮೂ ಇಲ್ಲ, ಬೆಳ್ಳಿಯ ಲವಣವೂ ಇಲ್ಲ. ಹಾಗಾಗಿ ಅಜ್ಜನ ಟ್ರಂಕಿನಲ್ಲಿದ್ದ ಯಾಶಿಕಾ ಕ್ಯಾಮೆರಾ ನನಗೆ ನೆನಪಾಯಿತು.

ಹಿಂದಿನ ರಾತ್ರಿ ಕೇಳಿದೆ. “ಅಜ್ಜಾ, ನಿನ್ನ ಕ್ಯಾಮೆರಾ ನಾಳೆ ಸಾಲಿಗೆ ಒಯ್ಯಲೇನು? ಹುಡುಗರಿಗೆ ತೋರಸಬೇಕು.”

ಅಜ್ಜ ರೇಡಿಯೋದ ಕಡೆ ಕಿವಿ ಇಟ್ಟುಕೊಂಡು ಕುಳಿತಿದ್ದರು. “ಒಯ್ಯವಾ, ಜ್ವಾಕಿ” ಎಂದಷ್ಟೇ ಅಂದರು.

ಬೆಳಿಗ್ಗೆ ಶಾಲೆಗೆ ಹೋಗುವಾಗ ಅದನ್ನು ಚೀಲದಿಂದ ತೆಗೆದು ತಿರುವಿ ನೋಡಿದೆ. ಮೇಲ್ಭಾಗದ ಸಣ್ಣ ಕಿಂಡಿಯಲ್ಲಿ 32 ಎಂಬ ಅಂಕಿ ಕಾಣುತ್ತಿತ್ತು. ಇಷ್ಟು ವರ್ಷ ಬಿದ್ದಿದ್ದ ಕ್ಯಾಮೆರಾ, ಅಂಕಿ ಎಲ್ಲೋ ಸಿಕ್ಕಿಕೊಂಡಿರಬೇಕು ಎಂದುಕೊಂಡೆ. ಆ ಅಂಕಿಗೆ ಏನು ಅರ್ಥ ಎಂದು ಅಜ್ಜನನ್ನು ಕೇಳಲು ನಾನು ತಿರುಗಿ ಮನೆಗೆ ಹೋಗಬಹುದಿತ್ತು. ಐದು ನಿಮಿಷದ ದಾರಿ.

ಪಾಠ ಚೆನ್ನಾಗಿಯೇ ಶುರುವಾಯಿತು. ಆಷಾಢದ ಗಾಳಿ ಜೋರಾಗಿದ್ದರೂ ಆ ದಿನ ಮೋಡ ಬಿಟ್ಟು ಬಿಸಿಲು ಬಿದ್ದಿತ್ತು. ಪ್ರಯೋಗಾಲಯದಲ್ಲಿದ್ದ ಸಿಲ್ವರ್ ನೈಟ್ರೇಟಿನ ತುಸು ದ್ರಾವಣಕ್ಕೆ ಉಪ್ಪಿನ ನೀರು ಹಾಕಿದೆ. ಮೊಸರಿನಂತೆ ಬಿಳಿಯ ಒತ್ತರ ಬಂತು. ಅದನ್ನು ಸೋಸಿ ಪಿಂಗಾಣಿ ಬಟ್ಟಲಿನಲ್ಲಿ ಹಾಕಿ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟೆವು. ಬಣ್ಣ ಬದಲಾಗುವವರೆಗೆ ಕ್ಯಾಮೆರಾ ತೋರಿಸೋಣವೆಂದು ಮೇಜಿನ ಮೇಲಿಟ್ಟೆ. ಮಕ್ಕಳು ಬೆಂಚು ಬಿಟ್ಟು ಸುತ್ತ ನಿಂತರು. ಲೆನ್ಸ್ ತೋರಿಸಿದೆ, ಗುಂಡಿ ತೋರಿಸಿದೆ. “ಫಿಲ್ಮು ಎಲ್ಲಿ ಹಾಕ್ತಾರ್ರಿ ಅಕ್ಕೋರ?” ಎಂದು ಒಬ್ಬ ಕೇಳಿದ. “ಇಲ್ಲಿ” ಎಂದು ಕ್ಯಾಮೆರಾವನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನ ಮುಚ್ಚಳ ತೆಗೆದೆ.

ಒಳಗೆ ಫಿಲ್ಮು ಇತ್ತು. ಎಡಗಡೆ ಡಬ್ಬಿ, ನಡುವೆ ಅಡ್ಡಲಾಗಿ ಬಿಗಿಯಾಗಿ ನಿಂತ ಬೂದು ಬಣ್ಣದ ಪಟ್ಟಿ, ಬಲಗಡೆ ಉರುಳೆಯ ಮೇಲೆ ದಪ್ಪಗೆ ಸುತ್ತಿಕೊಂಡ ಸುರುಳಿ. ನನಗೆ ಮೊದಲು ಆದದ್ದು ಖುಷಿ. ತೋರಿಸಲು ಫಿಲ್ಮೇ ಸಿಕ್ಕಿತಲ್ಲ! “ನೋಡಿ, ಇದೇ ಫಿಲ್ಮು. ಇದರ ಮೇಲೆ ಸಿಲ್ವರ್ ಬ್ರೋಮೈಡ್ ಲೇಪಿಸಿರುತ್ತಾರೆ. ಬೆಳಕು ಬಿದ್ದ ಕೂಡಲೇ...” ಎಂದು ಹೇಳುತ್ತಾ ಹೋದೆ. ವಾಕ್ಯ ಮುಗಿಯುವ ಮೊದಲೇ ನಾನು ಏನು ಹೇಳುತ್ತಿದ್ದೇನೆ ಎಂಬುದು ನನಗೇ ಕೇಳಿಸಿತು. ಮುಚ್ಚಳ ಮುಚ್ಚಿದೆ. ಒಟ್ಟು ಹತ್ತು ಎಣಿಸುವಷ್ಟು ಹೊತ್ತು ಆಗಿರಬೇಕು. ಮೇಲಿನ ಕಿಂಡಿ ನೋಡಿದೆ. ಬೆಳಿಗ್ಗೆ 32 ಇದ್ದದ್ದು ಈಗ ಹಿಂದಕ್ಕೆ ಹೋಗಿ ಪ್ರಾರಂಭದ ಗುರುತಿಗೆ ನಿಂತಿತ್ತು. ಅಂದರೆ ಅಂಕಿ ಸಿಕ್ಕಿಕೊಂಡಿರಲಿಲ್ಲ. ಮೂವತ್ತೆರಡು ಚಿತ್ರ ತೆಗೆದಾಗಿದೆ ಎಂದೇ ಅದು ಹೇಳುತ್ತಿತ್ತು.

ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಅಕ್ಕೋರ, ಇದರಾಗ ಫೋಟೋ ಇದ್ವೇನ್ರಿ?”

“ಇಲ್ಲ, ಇದು ಹಳೆಯ ಖಾಲಿ ರೋಲು” ಎಂದೆ.

ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಶಿಕ್ಷಕರು ಕುಳಿತು ಬರೆದುಕೊಳ್ಳುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲಿನ ಬಿಳಿಯ ಪುಡಿ ಅಷ್ಟರಲ್ಲಿ ಬಣ್ಣ ತಿರುಗಿತ್ತು. ಮಕ್ಕಳು ಅತ್ತ ಓಡಿದರು. “ಪುಸ್ತಕದಾಗ ಬೂದು ಐತಿ, ಇದು ನೇರಳೆ ಹಣ್ಣಿನ ಬಣ್ಣ ಆಗೈತ್ರಿ” ಎಂದು ಒಬ್ಬ ಹುಡುಗ ಅಂದ. ಅವನು ಹೇಳಿದ್ದು ಸರಿಯಾಗಿತ್ತು. ಮೊದಮೊದಲು ಅದು ನೇರಳೆ ಛಾಯೆಗೆ ತಿರುಗಿ, ಆಮೇಲೆ ಕಪ್ಪಾಗುತ್ತದೆ. ಕಂಡದ್ದನ್ನು ಕಂಡಂತೆ ಹೇಳಿದ್ದಕ್ಕೆ ಅವನನ್ನು ಹೊಗಳಿದೆ. ಹೊಗಳುವಾಗ ನನ್ನ ಗಂಟಲು ಒಣಗಿತ್ತು.

ಸಂಜೆ ಮನೆಗೆ ಬಂದು ಕ್ಯಾಮೆರಾವನ್ನು ಟ್ರಂಕಿನಲ್ಲಿಟ್ಟು ಸುಮ್ಮನಿರಬಹುದು ಎಂದು ಒಮ್ಮೆ ಅನ್ನಿಸಿತು. ಅಜ್ಜ ಅದನ್ನು ತೆಗೆದು ನೋಡಿ ಎಷ್ಟೋ ವರ್ಷವಾಗಿತ್ತು, ಗೊತ್ತಾಗುತ್ತಲೇ ಇರಲಿಲ್ಲ. ಆದರೆ ಊಟಕ್ಕೆ ಕುಳಿತಾಗ ರೊಟ್ಟಿ ಇಳಿಯಲಿಲ್ಲ. ಹೇಳಿಬಿಟ್ಟೆ.

ಅಜ್ಜ ಕೈ ತೊಳೆದುಕೊಂಡು ಬಂದು ಕ್ಯಾಮೆರಾ ತೆಗೆದುಕೊಂಡರು. ಎಡಗಡೆ ಮೇಲಿರುವ ಸುತ್ತುವ ಹಿಡಿಕೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ತಿರುಗಿಸಿದರು. ಅದು ತುಸು ತಿರುಗಿ ಬಿಗಿಯಾಗಿ ನಿಂತಿತು. “ಹಿಂಗ ಬಿಗಿ ಆದ್ರ ಒಳಗ ರೋಲ್ ಐತಿ ಅಂತ ತಿಳೀಬೇಕು. ಪುಕ್ಕಟ ತಿರಗಿದ್ರ ಖಾಲಿ” ಎಂದರು. ಆಮೇಲೆ, “ಎಷ್ಟೊತ್ತು ತೆರದಿದ್ದಿ?” ಎಂದು ಕೇಳಿದರು. ಹೇಳಿದೆ. ಮತ್ತೇನೂ ಅನ್ನದೆ ಎದ್ದು ಹೋಗಿ ಮಲಗಿದರು. ಮರುದಿನ ಚಹಾ ಕುಡಿಯುವಾಗಲೂ ಮಾತಾಡಲಿಲ್ಲ.

ಆ ರೋಲಿನಲ್ಲಿ ಏನಿತ್ತು ಎಂದು ನನಗೆ ಹೇಳಿದ್ದು ಅವ್ವ, ಫೋನಿನಲ್ಲಿ. ಆ ರೋಲು ಹಾಕಿದ್ದು ನಾನು ನಾಲ್ಕು ವರ್ಷದವಳಿದ್ದಾಗ. ಆಗೆಲ್ಲ 36 ಚಿತ್ರ ಮುಗಿಯುವವರೆಗೆ ಯಾರೂ ರೋಲು ತೊಳೆಸುತ್ತಿರಲಿಲ್ಲ. ರೋಲಿಗೂ ದುಡ್ಡು, ತೊಳೆಸುವುದಕ್ಕೂ ದುಡ್ಡು. ಹಬ್ಬಕ್ಕೊಂದು, ಜಾತ್ರೆಗೊಂದು ಎಂದು ಒಂದೇ ರೋಲು ವರ್ಷಗಟ್ಟಲೆ ಕ್ಯಾಮೆರಾದಲ್ಲಿಯೇ ಇರುತ್ತಿತ್ತು. ಮರುವರ್ಷದ ನಾಗರಪಂಚಮಿಯಲ್ಲಿ ಹಿತ್ತಲ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರಂತೆ. ಯಾರು ಕರೆದರೂ ಜೋಕಾಲಿ ಹತ್ತದ ಅಜ್ಜಿ ಆ ವರ್ಷ ಹತ್ತಿದಳಂತೆ. ಅಜ್ಜ ಒಂದರ ಹಿಂದೆ ಒಂದು ಮೂರು ಫೋಟೋ ತೆಗೆದರು. ಉಳಿದದ್ದು ನಾಲ್ಕು. ದೀಪಾವಳಿಗೆ ಮುಗಿಸಿ ತೊಳೆಸೋಣ ಎಂದರು. ದೀಪಾವಳಿಗೆ ಅಜ್ಜಿ ಇರಲಿಲ್ಲ.

“ಆಮ್ಯಾಲ ತೊಳಸ್ರಿ ಅಂತ ನಾವೂ ಹೇಳಲಿಲ್ಲ, ಅವರೂ ತೊಳಸಲಿಲ್ಲ” ಎಂದಳು ಅವ್ವ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಎರಡು ದಿನ ನಾನು ಬಿ.ಎಸ್ಸಿ.ಯಲ್ಲಿ ಓದಿದ್ದನ್ನೆಲ್ಲ ಮತ್ತೆ ತೆಗೆದು ಓದಿದೆ. ಏನಾದರೂ ಉಳಿದಿರಬಹುದೇ ಎಂಬ ಆಸೆ. ಫಿಲ್ಮಿನ ಮೇಲಿನ ಜೆಲಾಟಿನ್ ಪದರದಲ್ಲಿ ಸಿಲ್ವರ್ ಬ್ರೋಮೈಡಿನ ಅತಿ ಸಣ್ಣ ಹರಳುಗಳಿರುತ್ತವೆ. ಗುಂಡಿ ಒತ್ತಿದಾಗ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಬೆಳಕು ಒಳಗೆ ಬರುತ್ತದೆ. ಬೆಳಕು ತಾಗಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಬೇರೆಯಾಗಿ ಒಂದು ಚುಕ್ಕೆ ಹುಟ್ಟುತ್ತದೆ. ನಮ್ಮ ಕಣ್ಣಿಗೆ ಕಾಣದ ಆ ಗುರುತಿಗೆ ಗುಪ್ತಬಿಂಬ ಎನ್ನುತ್ತಾರೆ. ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಆ ಚುಕ್ಕೆ ಇರುವ ಹರಳು ಪೂರ್ತಿ ಬೆಳ್ಳಿಯಾಗಿ ಕಪ್ಪಾಗುತ್ತದೆ, ಚುಕ್ಕೆ ಇಲ್ಲದ್ದು ಹಾಗೆಯೇ ಉಳಿಯುತ್ತದೆ. ಉಳಿದದ್ದನ್ನು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಕರಗಿಸಿ ತೆಗೆದುಬಿಡುತ್ತದೆ. ಆಗ ನೆಗೆಟಿವ್ ಸಿಗುತ್ತದೆ. ತೊಳೆಯುವ ಮೊದಲೇ ಫಿಲ್ಮು ಹಗಲಿನ ಬೆಳಕಿಗೆ ಬಿದ್ದರೆ ಎಲ್ಲ ಹರಳಿಗೂ ಚುಕ್ಕೆ ಬರುತ್ತದೆ. ಚಿತ್ರದ ಚುಕ್ಕೆ ಯಾವುದು, ಕಿಟಕಿಯ ಬೆಳಕಿನ ಚುಕ್ಕೆ ಯಾವುದು ಎಂದು ಡೆವಲಪರಿಗೆ ಗೊತ್ತಾಗುವುದಿಲ್ಲ. ಎಲ್ಲವೂ ಕಪ್ಪು. ಇಷ್ಟೆಲ್ಲ ನನಗೆ ಮೊದಲೇ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಗೊತ್ತಿದ್ದೂ ಮುಚ್ಚಳ ತೆಗೆದೆ.

ಭಾನುವಾರ ಮಧ್ಯಾಹ್ನ ಅಜ್ಜ ಕಟ್ಟೆಯ ಮೇಲೆ ಕುಳಿತವರು ನನ್ನನ್ನು ಕರೆದರು.

“1980ರಾಗ ಖಗ್ರಾಸ ಗ್ರಹಣ ಆಗಿತ್ತು, ನಿನಗ ಗೊತ್ತೇನು?”

ನನಗೆ ಓದಿ ಗೊತ್ತಿತ್ತು. 1980ರ ಫೆಬ್ರುವರಿ 16ರಂದು ಸೂರ್ಯ ಪೂರ್ತಿ ಮುಚ್ಚಿಹೋದ ನೆರಳಿನ ಪಟ್ಟಿ ಅಂಕೋಲೆಯ ಕಡೆಯಿಂದ ಹುಬ್ಬಳ್ಳಿ, ಗದಗ, ರಾಯಚೂರಿನ ಸೀಮೆ ದಾಟಿ ಹೋಗಿತ್ತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ದೂರದರ್ಶಕ ಹೂಡಿ ಕುಳಿತಿದ್ದರು. ಆಗ ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು, ಅಜ್ಜನಿಗೆ ಮೂವತ್ತೊಂದು ವರ್ಷ. ಪಕ್ಕದ ಊರಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಆ ದಿನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಿತ್ತಂತೆ. ಅಜ್ಜ ಮಾತ್ರ ಐದಾರು ಹುಡುಗರನ್ನು ಕರೆದುಕೊಂಡು ಹೊಲದ ಬದುವಿನ ಮೇಲೆ ನಿಂತಿದ್ದರು. ಗ್ರಹಣದ ಫೋಟೋ ತೆಗೆದು ತರಗತಿಯ ಗೋಡೆಗೆ ಹಾಕುತ್ತೇನೆ ಎಂದು ಹುಡುಗರಿಗೆ ಮಾತು ಕೊಟ್ಟಿದ್ದರು. ಯಾರದೋ ಆಗ್ಫಾ ಡಬ್ಬಿ ಕ್ಯಾಮೆರಾ ಬೇಡಿ ತಂದಿದ್ದರು. ಒಂದು ರೋಲಿಗೆ ಹನ್ನೆರಡು ಚಿತ್ರ.

“ಮೂರೂವರಿ ದಾಟಿದ ಮ್ಯಾಲ ಒಮ್ಮಿಗಿಲೆ ಕತ್ತಲಾತು. ಹಕ್ಕಿ ಗೂಡಿಗೆ ಹೊಂಟ್ವು. ಚುಕ್ಕಿ ಕಂಡ್ವು. ಇದ್ದದ್ದು ಎರಡು ನಿಮಿಷದ ಮ್ಯಾಲ ಸ್ವಲ್ಪ. ನಾ ತಗೀತಾನ ಇದ್ದೆ. ಆ ಕ್ಯಾಮೆರಾದ ಹಿಂದ ಕೆಂಪು ಕಿಂಡಿ ಇರ್ತದ, ಅದರಾಗ ನಂಬರ್ ನೋಡಿ ರೋಲ್ ಮುಂದ ಸರಸಬೇಕು. ಕತ್ತಲದಾಗ ನಂಬರ್ ಕಾಣಲಿಲ್ಲ. ಅಂದಾಜಿನ ಮ್ಯಾಲ ತಿರುವಿದೆ. ಸೂರ್ಯ ಬಿಟ್ಟ ಮ್ಯಾಲ ಸಂಶಯ ಬಂತು. ರೋಲ್ ಸರದೈತೋ ಇಲ್ಲೋ, ಎಲ್ಲಾ ಒಂದರ ಮ್ಯಾಲ ಒಂದು ಬಿದ್ವೋ ಏನೋ ಅಂತ...”

ಅಜ್ಜ ನಿಲ್ಲಿಸಿದರು. ಮುಂದಿನದು ನನಗೆ ಗೊತ್ತಾಯಿತು.

“ಹೂಂ. ಹೊಲದಾಗ ನಿಂತು ಬಿಸಲಾಗ ತಗದು ನೋಡಿದೆ. ರೋಲ್ ಸರದಿತ್ತು” ಎಂದು ನಕ್ಕರು. ಎರಡು ದಿನದ ಮೇಲೆ ನಕ್ಕದ್ದು.

ನಾನೂ ನಗಬಹುದಿತ್ತು, ಆದರೆ ಅಜ್ಜ ಮುಂದೆ ಹೇಳಿದ ಮಾತು ಕೇಳಿ ನಗು ಬರಲಿಲ್ಲ. “ಹುಡುಗೂರು ದಿನಾ ಕೇಳಾಕ ಹತ್ತಿದ್ರು, ಸರ್ ಫೋಟೋ ಬಂತೇನ್ರಿ ಅಂತ. ಸ್ಟುಡಿಯೋದಾವ ಕೆಡಿಸಿದ ಅಂತ ಹೇಳಿದೆ. ಅಷ್ಟು ದೊಡ್ಡ ಅಂಜಿಕಿ ಮೀರಿ ನನ್ನ ಸಂಗಾಟ ಬದುವಿನ ಮ್ಯಾಲ ಬಂದು ನಿಂತ ಹುಡುಗೂರು ಅವು. ಅವರ ಮುಂದ ನಾ ತಪ್ಪು ಮಾಡೀನಿ ಅನ್ನೂದು ನನಗ ಆಗಲಿಲ್ಲ. ಸ್ಟುಡಿಯೋದಾವಂಗ ನಾ ರೋಲ್ ಕೊಟ್ಟೇ ಇರಲಿಲ್ಲ.”

ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: “ನೀ ಹುಡುಗೂರಿಗೆ ಏನು ಹೇಳಿದಿ?”

“ಖಾಲಿ ರೋಲು ಅಂದೆ.”

ಅಜ್ಜ ತಲೆ ಅಲ್ಲಾಡಿಸಿದರು. ಸರಿ ಎಂದೂ ಅನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ.

ಸೋಮವಾರ ನನ್ನ ಪಾಠ ಇರಲಿಲ್ಲ. ಮಾರ್ಗದರ್ಶಕ ಶಿಕ್ಷಕರನ್ನು ಕೇಳಿ ಒಂದು ಅವಧಿ ತೆಗೆದುಕೊಂಡೆ. ಯಾಕೆಂದು ಅವರಿಗೂ ಹೇಳಿದೆ. ತರಗತಿಗೆ ಹೋಗಿ, “ಮೊನ್ನೆ ನಾನು ನಿಮಗೆ ಸುಳ್ಳು ಹೇಳಿದೆ. ಆ ರೋಲು ಖಾಲಿ ಇರಲಿಲ್ಲ. ಅದರಲ್ಲಿ ನಮ್ಮ ಅಜ್ಜಿಯ ಫೋಟೋ ಇದ್ದವು” ಎಂದೆ. ಇದನ್ನು ಹೇಳಲು ಮನೆಯಲ್ಲಿ ಉದ್ದನೆಯ ಮಾತು ಬರೆದುಕೊಂಡು ಹೋಗಿದ್ದೆ. ಅಲ್ಲಿ ನಿಂತಾಗ ಇಷ್ಟೇ ಬಂತು. ತರಗತಿ ಸುಮ್ಮನಾಯಿತು. ಎರಡನೆಯ ಬೆಂಚಿನ ಆ ಹುಡುಗಿ, “ನನಗ ಅವತ್ತ ಗೊತ್ತಾಗಿತ್ರಿ. ನಿಮ್ಮ ಮಾರಿ ಹಂಗ ಆಗಿತ್ತು” ಎಂದಳು.

ಆಮೇಲೆ ಪ್ರಶ್ನೆಗಳು ಬಂದವು. ವಾರದ ಹಿಂದೆ ‘ಬೆಳಕಿನಿಂದ ವಿಭಜನೆ’ ಎಂದು ಬರೆದುಕೊಂಡು ಸುಮ್ಮನಿದ್ದ ಮಕ್ಕಳಿಗೆ ಈಗ ನಿಜವಾಗಿ ತಿಳಿದುಕೊಳ್ಳಬೇಕಿತ್ತು. ಫೋಟೋ ಎಲ್ಲಿಗೆ ಹೋದವು? ಬೆಳಕು ಅಳಿಸಿತೇ? ಅಳಿಸುವುದಿಲ್ಲ, ಅದರ ಮೇಲೆಯೇ ಮತ್ತೆ ಎಲ್ಲ ಕಡೆ ಬರೆದುಬಿಡುತ್ತದೆ ಎಂದೆ. “ಪಾಟಿ ಮ್ಯಾಲ ಅಕ್ಷರ ಬರದು, ಮ್ಯಾಲ ಪೂರಾ ಬಳಪ ತಿಕ್ಕಿಧಂಗ್ರಿ” ಎಂದ ಒಬ್ಬ ಹುಡುಗ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಅಕ್ಷರ ಅಲ್ಲೇ ಇದೆ, ಓದಲು ಮಾತ್ರ ಬರುವುದಿಲ್ಲ. ಕೆಂಪು ದೀಪದಲ್ಲಿ ತೆರೆದಿದ್ದರೆ ಉಳಿಯುತ್ತಿತ್ತೇ ಎಂದು ಇನ್ನೊಬ್ಬ ಕೇಳಿದ. ಸಿನಿಮಾದಲ್ಲಿ ನೋಡಿದ್ದನಂತೆ. ಕೆಂಪು ದೀಪ ಸಾಮಾನ್ಯವಾಗಿ ಕಪ್ಪುಬಿಳುಪು ಫೋಟೋ ಕಾಗದಕ್ಕೆ ನಡೆಯುತ್ತದೆ, ಏಕೆಂದರೆ ಆ ಕಾಗದ ಕೆಂಪು ಬೆಳಕಿಗೆ ಸ್ಪಂದಿಸುವುದಿಲ್ಲ. ಕ್ಯಾಮೆರಾದಲ್ಲಿ ಬಳಸುವ ಸಾಮಾನ್ಯ ಫಿಲ್ಮು ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುತ್ತದೆ, ಅದಕ್ಕೆ ಪೂರ್ತಿ ಕತ್ತಲೆಯೇ ಬೇಕು ಎಂದು ತಿಳಿಸಿದೆ.

ಮಾತಿಗಿಂತ ಕಣ್ಣಿಗೆ ಕಾಣುವ ಹಾಗೆ ಮಾಡೋಣವೆಂದು ಮರುದಿನ ಒಂದು ಚಟುವಟಿಕೆ ಮಾಡಿದೆವು. ಇದನ್ನು ನಮ್ಮ ಸಹಪ್ರಶಿಕ್ಷಣಾರ್ಥಿಗಳು ಯಾವ ಶಾಲೆಯಲ್ಲಾದರೂ ಮಾಡಬಹುದು. ದಪ್ಪನೆಯ ಬಿಳಿ ಕಾಗದದ ತುಂಡುಗಳನ್ನು ತೆಳುವಾದ ಉಪ್ಪಿನ ನೀರಿನಲ್ಲಿ ಅದ್ದಿ ಒಣಗಿಸಬೇಕು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದರ ಒಂದು ಮಗ್ಗಲಿಗೆ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಬ್ರಷ್ಷಿನಿಂದ ಹಚ್ಚಿ ಮತ್ತೆ ಒಣಗಿಸಬೇಕು. ಕಾಗದದಲ್ಲಿಯೇ ಸಿಲ್ವರ್ ಕ್ಲೋರೈಡ್ ತಯಾರಾಗುತ್ತದೆ. ಕೈಗೆ ತಾಗಿದರೆ ಕಪ್ಪು ಕಲೆ ವಾರಗಟ್ಟಲೆ ಹೋಗುವುದಿಲ್ಲ, ಕಣ್ಣಿಗೆ ಸಿಡಿದರೆ ಅಪಾಯ. ಹಾಗಾಗಿ ಹಚ್ಚುವ ಕೆಲಸ ಶಿಕ್ಷಕರೇ ಕೈಗವಸು, ಕನ್ನಡಕ ಹಾಕಿಕೊಂಡು ಮಾಡಬೇಕು. ಮಕ್ಕಳು ಅದರ ಮೇಲೆ ಬೇವಿನ ಎಲೆ, ಬೀಗದ ಕೈ, ಬಳೆ ಇಟ್ಟು ಗಾಜು ಮುಚ್ಚಿ ಬಿಸಿಲಿಗೆ ಹಿಡಿದರು. ಹತ್ತು ಹದಿನೈದು ನಿಮಿಷದಲ್ಲಿ ಕಾಗದ ಕಪ್ಪಾಯಿತು. ಎಲೆ ತೆಗೆದರೆ ಅದರ ಬಿಳಿಯ ಗುರುತು ಹಲ್ಲುಹಲ್ಲಾಗಿ ಕಾಣುತ್ತಿತ್ತು.

ಅರ್ಧ ಕಾಗದಗಳನ್ನು ಹಾಗೆಯೇ ಬಿಸಿಲಿನಲ್ಲಿ ಬಿಟ್ಟೆವು. ಮಕ್ಕಳ ಕಣ್ಣೆದುರಿಗೇ ಬಿಳಿಯ ಎಲೆ ಮಬ್ಬಾಗಿ, ನೇರಳೆಯಾಗಿ, ಸುತ್ತಲಿನ ಕಪ್ಪಿನಲ್ಲಿ ಸೇರಿಹೋಯಿತು. ಉಳಿದ ಅರ್ಧವನ್ನು ಹೈಪೋ ದ್ರಾವಣದಲ್ಲಿ ಅದ್ದಿ ನೀರಿನಲ್ಲಿ ತೊಳೆದೆವು. ಅವು ನಿಂತವು. ಇಂಗ್ಲೆಂಡಿನ ಥಾಮಸ್ ವೆಜ್‌ವುಡ್ ಮತ್ತು ಹಂಫ್ರಿ ಡೇವಿ 1802ರಲ್ಲಿ ಇದೇ ರೀತಿ ಎಲೆಗಳ ಚಿತ್ರ ಪಡೆದ ಬಗ್ಗೆ ಬರೆದಿದ್ದರು. ಅವರ ಚಿತ್ರಗಳೂ ಬೆಳಕಿನಲ್ಲಿ ನೋಡಿದರೆ ಕಪ್ಪಾಗಿ ಹೋಗುತ್ತಿದ್ದವು, ನಿಲ್ಲಿಸುವ ದಾರಿ ಅವರಿಗೆ ಸಿಗಲಿಲ್ಲ. ಹೈಪೋ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದರು. ಅದನ್ನು ಚಿತ್ರ ನಿಲ್ಲಿಸಲು ಬಳಸಿದ್ದು 1839ರಲ್ಲಿ. ಇಷ್ಟನ್ನೂ ಹೇಳಿದೆ. ಆದರೆ ಮಕ್ಕಳ ಮನಸ್ಸಿನಲ್ಲಿ ಉಳಿದದ್ದು ಇಸವಿ ಅಲ್ಲ. ತನ್ನ ಬಳೆಯ ಚಿತ್ರ ಕರಗಿಹೋಗುವುದನ್ನು ನೋಡುತ್ತಿದ್ದ ಹುಡುಗಿಯೊಬ್ಬಳು, “ಅಯ್ಯ, ಲಗೂ ಹೈಪೋದಾಗ ಹಾಕ್ರಿ ಅಕ್ಕೋರ!” ಎಂದು ಕೂಗಿದಳು. ಅವಳಿಗೆ ಇನ್ನು ಆ ರಾಸಾಯನಿಕದ ಕೆಲಸವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಕಾಗದದ ಚಿತ್ರಗಳನ್ನು ಮನೆಗೆ ಒಯ್ದು ಅಜ್ಜನಿಗೆ ತೋರಿಸಿದೆ. ಬೇವಿನ ಎಲೆಯದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ, “ಬೆಟಗೇರಿಗೆ ಹೋಗೂಣು ನಡಿ. ಒಳಸುತ್ತಿನವು ಉಳದಿರಬಹುದು” ಎಂದರು.

ಬೆಟಗೇರಿಯಲ್ಲಿ ಹಿಂದೆ ಸ್ಟುಡಿಯೋ ನಡೆಸುತ್ತಿದ್ದ ಅಜ್ಜನ ಸ್ನೇಹಿತರೊಬ್ಬರಿದ್ದಾರೆ. ಅವರ ಹತ್ತಿರ ಫಿಲ್ಮು ತೊಳೆಯುವ ಡಬ್ಬಿ ಇನ್ನೂ ಇತ್ತು. ಬೇಕಾದ ರಾಸಾಯನಿಕಗಳನ್ನು ಹುಬ್ಬಳ್ಳಿಯಿಂದ ತರಿಸಿದರು. ಅಜ್ಜ ಕ್ಯಾಮೆರಾ ತೆರೆಯದೆ ಹಿಡಿಕೆ ತಿರುಗಿಸಿ ಪೂರ್ತಿ ಫಿಲ್ಮನ್ನು ಡಬ್ಬಿಯೊಳಕ್ಕೆ ಸುತ್ತಿದರು. ಒಂದು ಸಣ್ಣ ಕೋಣೆಯ ಬಾಗಿಲಿಗೆ ಎರಡು ಕೌದಿ ಹೊದಿಸಿ, ಸಂದಿಗೆ ಬಟ್ಟೆ ತುರುಕಿ, ದೀಪ ಆರಿಸಿದೆವು. ಕೈಗೆ ಕೈ ಕಾಣದ ಕತ್ತಲೆಯಲ್ಲಿ ಇಬ್ಬರು ಮುದುಕರು ಒಬ್ಬರಿಗೊಬ್ಬರು ಹೇಳಿಕೊಡುತ್ತಾ ಫಿಲ್ಮನ್ನು ಉರುಳೆಗೆ ಸುತ್ತಿದರು. ಮುಚ್ಚಳ ಬಿಗಿ ಆಯಿತು ಎಂದು ಮೂರು ಸಲ ಕೇಳಿಕೊಂಡ ಮೇಲೆಯೇ ದೀಪ ಹಾಕಿದೆವು. ಐಸ್ ಇಟ್ಟು ದ್ರಾವಣವನ್ನು 20 ಡಿಗ್ರಿಗೆ ತಂದು ಹಾಕಿದೆವು. ಮೊದಲು ಡೆವಲಪರ್, ಆಮೇಲೆ ನೀರು, ಆಮೇಲೆ ಹೈಪೋ. ಗಡಿಯಾರ ನನ್ನ ಕೈಯಲ್ಲಿತ್ತು.

ತೆಗೆದು ಬೆಳಕಿಗೆ ಹಿಡಿದಾಗ ನಾನು ಪುಸ್ತಕದಲ್ಲಿ ಓದಿದ್ದು ಫಿಲ್ಮಿನ ಮೇಲೆ ಸಾಲಾಗಿ ಕಂಡಿತು. ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ಬಲಗಡೆಯ ಉರುಳೆಗೆ ಸುತ್ತಿಕೊಳ್ಳುತ್ತಾ ಹೋಗುತ್ತವೆ. ಮೊದಲು ತೆಗೆದವು ಒಳಗೆ, ಕೊನೆಗೆ ತೆಗೆದವು ಹೊರಗೆ. ಮುಚ್ಚಳ ತೆಗೆದಾಗ ಬೆಳಕು ಮೊದಲು ಹೊಡೆಯುವುದು ಹೊರಸುತ್ತಿಗೆ. ಹಾಗಾಗಿ ಮೊದಲಿನ ಒಂಬತ್ತು ಚಿತ್ರಗಳು ಇಷ್ಟು ವರ್ಷದ ಮಬ್ಬಿನೊಂದಿಗೆ ಉಳಿದಿದ್ದವು. ಮುಂದಿನ ಆರೇಳು ಅಂಚಿನಿಂದ ಒಳಕ್ಕೆ ಕಪ್ಪಾಗಿದ್ದವು. ಅಲ್ಲಿಂದ ಮುಂದೆ 32ರವರೆಗೆ ಕರ್ರಗೆ ಒಂದೇ ಪಟ್ಟಿ. ತುದಿಯಲ್ಲಿ ನಾಲ್ಕು ಚೌಕದಷ್ಟು ಜಾಗ ಮಾತ್ರ ಸ್ವಚ್ಛವಾಗಿತ್ತು. ತೆಗೆಯದೇ ಉಳಿದಿದ್ದ ನಾಲ್ಕು ಚಿತ್ರಗಳ ಜಾಗ ಅದು, ಡಬ್ಬಿಯೊಳಗೆ ಸುರಕ್ಷಿತವಾಗಿತ್ತು.

ಜೋಕಾಲಿಯ ಮೂರು ಚಿತ್ರಗಳು ಕರ್ರಗಿನ ಪಟ್ಟಿಯಲ್ಲಿ ಹೋಗಿದ್ದವು. ಅಜ್ಜಿ ಇದ್ದ ಬೇರೆ ಚಿತ್ರಗಳೂ ಉಳಿದಿರಲಿಲ್ಲ. ಅಜ್ಜ ಆ ಪಟ್ಟಿಯ ಮೇಲೆ ಒಮ್ಮೆ ಬೆರಳಾಡಿಸಿದರು.

ಉಳಿದ ಒಂಬತ್ತರಲ್ಲಿ ಹೆಚ್ಚಿನವು ಕಣದಲ್ಲಿ ಹೆಸರಿನ ರಾಶಿ ಮಾಡುವಾಗಿನವು. ಎತ್ತು, ರಾಶಿ, ತೂರುವ ಆಳುಗಳು. ಒಂದರಲ್ಲಿ ಅಜ್ಜ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡಿದ್ದಾರೆ. ಆ ಚಿತ್ರ ಪೂರ್ತಿ ಓರೆಯಾಗಿದೆ. ರಾಶಿ ಒಂದು ಕಡೆ ಜಾರುತ್ತಿರುವಂತೆ ಕಾಣುತ್ತದೆ, ನನ್ನ ತಲೆ ಅರ್ಧ ಹೋಗಿದೆ.

“ಇದನ್ನ ಯಾರು ತಗದ್ರು ಅಜ್ಜಾ?” ಎಂದು ಕೇಳಿದೆ.

“ನಿಮ್ಮ ಅಜ್ಜಿ. ಆಕಿಗೆ ಕ್ಯಾಮೆರಾ ಸೀದಾ ಹಿಡಿ ಅಂತ ಎಷ್ಟ ಹೇಳಿದ್ರೂ ಅಷ್ಟ” ಎಂದರು ಅಜ್ಜ. ಅವರ ಸ್ನೇಹಿತರು ನಕ್ಕರು. ಅಜ್ಜ ಫಿಲ್ಮನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡು ಮತ್ತೆ ನೋಡಿದರು.

ಆ ಚಿತ್ರವನ್ನು ಸ್ಕ್ಯಾನ್ ಮಾಡಿಸಿ, ಅಚ್ಚು ಹಾಕಿಸಿ, ಕಟ್ಟು ಹಾಕಿಸಿದ್ದೇವೆ. ಸೀದಾ ಮಾಡಿ ಕೊಡಲೇ ಎಂದು ಅಂಗಡಿಯವನು ಕೇಳಿದ. ಬೇಡವೆಂದು ಅಜ್ಜ ಹೇಳಿದರು. ಹಾಗೆಂದು ಹೋದದ್ದು ಬಂದಂತಾಗಲಿಲ್ಲ. ಅಜ್ಜಿ ಜೋಕಾಲಿ ಹತ್ತಿದ್ದನ್ನು ಕಂಡವರು ಈಗ ಮೂರು ಜನ ಇದ್ದಾರೆ, ನಾನು ಆ ಮೂವರಲ್ಲಿ ಇಲ್ಲ. ನಾನು ಅಲ್ಲಿದ್ದೆನಂತೆ, ಆದರೆ ನನಗೆ ನೆನಪಿಲ್ಲ.

ಪಾಠ ಯೋಜನೆಯಲ್ಲಿ ‘ಬೋಧನೋಪಕರಣಗಳನ್ನು ಮುಂಚಿತವಾಗಿ ಪರೀಕ್ಷಿಸಿಕೊಳ್ಳುವುದು’ ಎಂದು ನಾವೆಲ್ಲರೂ ಬರೆಯುತ್ತೇವೆ. ನಾನೂ ಆ ದಿನದ ಯೋಜನೆಯಲ್ಲಿ ಬರೆದಿದ್ದೆ. ಈಗ ಅದನ್ನು ಬರೆಯುವಾಗಲೆಲ್ಲ ಎರಡು ಬೆರಳಿನಿಂದ ಆ ಹಿಡಿಕೆಯನ್ನು ತಿರುಗಿಸಿದಂತೆ ಅನ್ನಿಸುತ್ತದೆ. ನಾವು ತರಗತಿಗೆ ತರುವ ವಸ್ತು ಯಾರದೋ ಮನೆಯದು. ಅದರೊಳಗೆ ಏನಿದೆ ಎಂದು ಅದರ ಒಡೆಯರನ್ನು ಕೇಳಿಯೇ ತರಬೇಕು. ಮಕ್ಕಳ ಎದುರಿಗೆ ತಪ್ಪಾದರೆ ಆಗಲೇ ಹೇಳಬೇಕು. ಅಜ್ಜನ ಹುಡುಗರಿಗೆ ಈಗ ಅರವತ್ತರ ಹತ್ತಿರ ವಯಸ್ಸಾಗಿರಬೇಕು. ಗ್ರಹಣದ ಫೋಟೋವನ್ನು ಸ್ಟುಡಿಯೋದವನು ಕೆಡಿಸಿದ ಎಂದೇ ಅವರು ಇಂದಿಗೂ ನಂಬಿದ್ದಾರೆ. ಅವರಲ್ಲಿ ಒಬ್ಬರು ಕುರ್ತಕೋಟಿಯಲ್ಲೇ ಇದ್ದಾರೆ ಎಂದು ಹೋದ ತಿಂಗಳು ಗೊತ್ತಾಯಿತು.

“ಹೋಗಿ ಹೇಳಿ ಬರಲೇನು?” ಎಂದು ಅಜ್ಜ ನನ್ನನ್ನೇ ಕೇಳಿದರು.

“ನಾನೂ ಬರ್ತೀನಿ ನಡಿ” ಎಂದೆ. ಮುಂದಿನ ಭಾನುವಾರ ಹೋಗುವವರಿದ್ದೇವೆ.